ಅಮಾನತಾದ ಲೈಸೆನ್ಸು ಮತ್ತು ಹೊಣೆಯ ಕಾಗದ

ಚಳಿ ಬಲಿಯುವ ಹೊತ್ತಿಗೆ ಕೃಷ್ಣೆಯ ಎರಡೂ ದಂಡೆಗಳ ಊರುಗಳಲ್ಲಿ ರಾತ್ರಿಯೆಂಬುದು ನಿದ್ದೆಯ ಕಾಲವಾಗಿ ಉಳಿಯುವುದಿಲ್ಲ. ಅಥಣಿಯ ಕಡೆಯಿಂದ, ರಾಯಬಾಗದ ಕಡೆಯಿಂದ, ಕಾಗವಾಡದ ಸುತ್ತಲಿನ ಹಳ್ಳಿಗಳಿಂದ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಕಾರಖಾನೆಯ ದಾರಿ ಹಿಡಿದಿರುತ್ತವೆ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು. ಟ್ರೇಲರಿನ ಅಂಚನ್ನು ಮೀರಿ ಇಕ್ಕೆಲಕ್ಕೂ ಚಾಚಿದ ಕಬ್ಬಿನ ಹೊರೆ. ಚಾಲಕನಿಗೆ ನಿದ್ದೆ ಹತ್ತದಿರಲೆಂದು ಗಟ್ಟಿಯಾಗಿ ಹಚ್ಚಿದ ಹಾಡು. ಹಿಂದಿನ ಟ್ರೇಲರಿಗೆ ಕೆಂಪು ದೀಪ ಒತ್ತಟ್ಟಿಗಿರಲಿ, ಹೊಳೆಯುವ ಪಟ್ಟಿಯೊಂದಿದ್ದರೂ ಅದು ಪುಣ್ಯವೆಂದೇ ತಿಳಿಯಬೇಕು. ಈ ಭಾಗದ ಹಳೆಯ ಸಕ್ಕರೆ ಕಂಪನಿಯಾದ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದದ್ದು ೧೯೩೯ರಲ್ಲಿ. ನಮ್ಮ ದೇಶದಲ್ಲಿ ಮೋಟಾರಿನವರು ದಾರಿಹೋಕರಿಗೆ ಹೊಣೆಯಾಗಬೇಕೆಂದು ಹೇಳಿದ ಮೊದಲ ಕಾಯಿದೆ ಹುಟ್ಟಿದ್ದೂ ಅದೇ ೧೯೩೯ರಲ್ಲಿಯೇ. ಕಬ್ಬಿಗೂ ಕಾಯಿದೆಗೂ ಅಂದಿನಿಂದ ಒಂದೇ ರಸ್ತೆ. ಆದರೆ ಅವೆರಡೂ ಒಂದನ್ನೊಂದು ಸಂಧಿಸುವುದು ಬಹುಮಟ್ಟಿಗೆ ಅಪಘಾತವಾದ ಮೇಲೆಯೇ.

ಇಂಥ ರಸ್ತೆಯ ಮೇಲೆ ಒಬ್ಬ ಚಾಲಕನನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಐದು ತಾಲೂಕುಗಳ ಯಾವ ಊರಿಗೆ ಹೋದರೂ ಅವನು ಸಿಕ್ಕುತ್ತಾನೆ. ವಯಸ್ಸು ಮೂವತ್ತರ ಆಚೀಚೆ. ಸುಗ್ಗಿಯ ನಾಲ್ಕೈದು ತಿಂಗಳು ಟ್ರ್ಯಾಕ್ಟರು, ಉಳಿದ ಕಾಲದಲ್ಲಿ ನಿಪ್ಪಾಣಿಯ ಪೇಟೆಗೆ ತಂಬಾಕನ್ನೋ ತರಕಾರಿಯನ್ನೋ ಸಾಗಿಸುವ ಸಣ್ಣ ಟೆಂಪೋ. ಮನೆಯಲ್ಲಿ ಹೆಂಡತಿ ಬೀಡಿ ಸುತ್ತುತ್ತಾಳೆ. ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಒಂದು ಸಂಜೆ ಟೆಂಪೋದ ಹಿಂಬದಿಯಲ್ಲಿ ಮದುವೆಯ ಮಂದಿಯನ್ನು ತುಂಬಿಕೊಂಡು, ಕಿವಿಗೆ ಮೊಬೈಲು ಹಚ್ಚಿಕೊಂಡು ಬರುತ್ತಿದ್ದಾಗ ಪೊಲೀಸರ ಕೈಗೆ ಸಿಕ್ಕ. ಕೆಲವು ವಾರಗಳ ಮೇಲೆ ಚಿಕ್ಕೋಡಿಯ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ನೋಟೀಸು ಬಂತು. ಆಮೇಲೆ ಲೈಸೆನ್ಸು ಮೂರು ತಿಂಗಳ ಮಟ್ಟಿಗೆ ಅಮಾನತಾಯಿತು. ‘ಕೆ.ಎ. ೨೩’ ಎಂಬ ಫಲಕವನ್ನು ಹೊತ್ತ ಸಾವಿರಾರು ವಾಹನಗಳ ಜಾತಕವೆಲ್ಲ ಆ ಕಚೇರಿಯಲ್ಲಿದೆ; ಚಾಲಕರ ಜಾತಕವೂ ಅಲ್ಲಿಯೇ ಇದೆ. ಮೂರು ತಿಂಗಳು ಕಳೆದ ಮೇಲೆ ಅವನು ಅದೇ ಕಚೇರಿಯ ಕಿಟಕಿಯ ಮುಂದೆ ನಿಂತು, “ಅವಧಿ ಮುಗೀತ್ರಿ ಸಾಹೇಬರ, ನನ್ನ ಲೈಸೆನ್ಸ ಕೊಡ್ರಿ” ಎಂದು ಕೇಳುತ್ತಾನೆ.

ಅವನಿಗೆ ಅದನ್ನು ಹಿಂತಿರುಗಿಸುವ ಮೊದಲು ಸರಕಾರವು ಅವನಿಂದ ಏನನ್ನು ಕೇಳಬೇಕು? ಮುಂದೆ ಅವನ ಗಾಲಿಗೆ ಯಾರಾದರೂ ಸಿಕ್ಕಿದರೆ ಅವರ ಮನೆಯವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಕೇಳಬೇಕೆ, ಬೇಡವೆ?

ಮೂರು ತಿಂಗಳ ವನವಾಸ

ಲೈಸೆನ್ಸು ಎಂಬುದು ಹಕ್ಕಲ್ಲ, ಅನುಗ್ರಹ ಎಂಬ ಭಾವನೆ ಹಿಂದೆ ಕಚೇರಿಗಳಲ್ಲಿಯೂ ಇತ್ತು, ಜನರಲ್ಲಿಯೂ ಇತ್ತು. ೧೯೮೮ರ ಮೋಟಾರು ವಾಹನ ಕಾಯಿದೆಯು ಇದಕ್ಕೊಂದು ಕಟ್ಟುಪಾಡು ಹಾಕಿಕೊಟ್ಟಿದೆ. ಅದರ ೧೯ನೆಯ ಕಲಮಿನ ಪ್ರಕಾರ ಕುಡುಕತನ, ಅಮಲುಪದಾರ್ಥಗಳ ಚಟ, ವಾಹನವನ್ನು ಅಪರಾಧಕ್ಕೆ ಬಳಸುವುದು, ಸಾರ್ವಜನಿಕರಿಗೆ ಅಪಾಯವಾಗುವ ನಡತೆ ಮೊದಲಾದ ಕಾರಣಗಳಿಗಾಗಿ ಲೈಸೆನ್ಸು ಕೊಡುವ ಅಧಿಕಾರಿಯೇ ಅದನ್ನು ಹಿಂದಕ್ಕೆ ಪಡೆಯಬಹುದು. ಆದರೆ ಚಾಲಕನ ಮಾತನ್ನು ಕೇಳದೆ ಹಾಗೆ ಮಾಡುವಂತಿಲ್ಲ. ಕಾರಣಗಳನ್ನು ಬರೆದೇ ಕೊಡಬೇಕು. ಆ ಆಜ್ಞೆಯ ಮೇಲೆ ಮೂವತ್ತು ದಿನಗಳೊಳಗೆ ಮೇಲ್ಮನವಿಗೂ ಅವಕಾಶವುಂಟು. ಕೇಂದ್ರ ನಿಯಮಾವಳಿಯ ೨೧ನೆಯ ನಿಯಮವು ಯಾವ ಯಾವ ನಡತೆಯು ಅಪಾಯಕಾರಿ ಎಂಬುದರ ಪಟ್ಟಿಯನ್ನೇ ಕೊಡುತ್ತದೆ. ಮಿತಿಮೀರಿದ ವೇಗ, ಸರಕುಗಾಡಿಯಲ್ಲಿ ಜನರನ್ನು ಸಾಗಿಸುವುದು, ಮಿತಿಮೀರಿದ ಹೊರೆ, ವಾಹನ ನಡೆಸುತ್ತ ಮೊಬೈಲಿನಲ್ಲಿ ಮಾತನಾಡುವುದು ಎಲ್ಲವೂ ಅದರಲ್ಲಿವೆ. ಕಬ್ಬಿನ ಸುಗ್ಗಿಯನ್ನು ಒಮ್ಮೆ ಕಂಡವರಿಗೆ ಈ ಪಟ್ಟಿಯನ್ನು ಓದಿ ನಗು ಬಂದರೆ ಆಶ್ಚರ್ಯವಿಲ್ಲ. ಅದರ ಅರ್ಧಭಾಗವು ಸುಗ್ಗಿಯ ದಿನಚರಿಯಂತೆಯೇ ಇದೆ.

೨೦೧೫ರಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯು ಇಂಥ ಕೆಲವು ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳಾದರೂ ಲೈಸೆನ್ಸನ್ನು ತಡೆಹಿಡಿಯಬೇಕೆಂದು ರಾಜ್ಯಗಳಿಗೆಲ್ಲ ಬರೆಯಿತು. ೨೦೧೯ರ ತಿದ್ದುಪಡಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಕಡೆಗೆ ಶಿರಸ್ತ್ರಾಣವಿಲ್ಲದೆ ಬೈಕು ಓಡಿಸುವುದು, ಇವುಗಳಲ್ಲಿ ಪೊಲೀಸರು ಲೈಸೆನ್ಸನ್ನು ವಶಪಡಿಸಿಕೊಂಡು ಸಾರಿಗೆ ಅಧಿಕಾರಿಗೆ ಕಳಿಸಬಹುದು. ಮೊದಲ ಸಲ ಮೂರು ತಿಂಗಳ ಅನರ್ಹತೆ, ಎರಡನೆಯ ಸಲ ಲೈಸೆನ್ಸೇ ರದ್ದು. ಒಮ್ಮೆ ಅಪಾಯಕಾರಿ ಚಾಲನೆಗೆ ಶಿಕ್ಷೆಯಾದವನು ಮತ್ತೆ ಅದೇ ತಪ್ಪಿನಿಂದ ಸಾವಿಗೋ ಭಾರೀ ಗಾಯಕ್ಕೋ ಕಾರಣನಾದನೆಂದು ಮೊಕದ್ದಮೆ ದಾಖಲಾದರೆ, ತೀರ್ಪಿಗೆ ಕಾಯದೆ ಆರು ತಿಂಗಳು ಲೈಸೆನ್ಸು ನಿಂತೇಹೋಗುತ್ತದೆ.

ವನವಾಸ ಮುಗಿದ ಮೇಲೆ? ಹಿಂದೆ ದಿನ ತುಂಬಿದರೆ ಸಾಕಾಗಿತ್ತು. ಈಗ ಹಾಗಿಲ್ಲ. ಅವಧಿ ಮುಗಿದರೂ ಚಾಲಕರ ಪುನಶ್ಚೇತನ ತರಬೇತಿಯನ್ನು ಪೂರೈಸಿದವನಿಗೆ ಮಾತ್ರ ಲೈಸೆನ್ಸನ್ನು ಹಿಂತಿರುಗಿಸಬೇಕೆಂದು ತಿದ್ದುಪಡಿ ಹೇಳುತ್ತದೆ. ತರಬೇತಿಯ ಪ್ರಮಾಣಪತ್ರವನ್ನು ತಂದವನಿಗೆ ಮತ್ತಾವ ಪ್ರಶ್ನೆಯೂ ಇಲ್ಲ. ಅವನು ಮರುದಿನ ಹತ್ತುವ ಗಾಡಿಗೆ ವಿಮೆಯುಂಟೇ ಎಂಬುದನ್ನು ಆ ಕಿಟಕಿಯಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕೆಂದು ಕಾಯಿದೆಯೂ ಹೇಳುವುದಿಲ್ಲ.

ಸಮುದ್ರದಾಚೆಯ ಪದ್ಧತಿ

ಅಮೆರಿಕದಲ್ಲಿ ನೆಲೆಸಿದ ನಮ್ಮ ಹುಡುಗರು ಕೆಲವರಿಗೆ ಈ ಪ್ರಶ್ನೆಯು ಬೇರೆ ರೂಪದಲ್ಲಿ ಎದುರಾಗುತ್ತದೆ. ಕ್ಯಾಲಿಫೋರ್ನಿಯದಲ್ಲಿ ಒಬ್ಬನು ಕುಡಿದು ಕಾರು ನಡೆಸಿಯೋ, ವಿಮೆಯಿಲ್ಲದೆ ಅಪಘಾತಕ್ಕೆ ಸಿಕ್ಕಿಯೋ ಲೈಸೆನ್ಸು ಕಳೆದುಕೊಂಡನೆನ್ನೋಣ. ಅದನ್ನು ಮರಳಿ ಪಡೆಯಬೇಕಾದರೆ ದಂಡ ತೆತ್ತರೆ ಸಾಲದು; ಪಾಠ ಕೇಳಿದರೂ ಸಾಲದು. ಅವನ ವಿಮಾ ಕಂಪನಿಯು ನೇರವಾಗಿ ಸರಕಾರದ ಮೋಟಾರು ಇಲಾಖೆಗೆ ‘ಎಸ್.ಆರ್. ೨೨’ ಎಂಬ ನಮೂನೆಯೊಂದನ್ನು ಕಳಿಸಬೇಕು. ಈತನು ಕಾಯಿದೆಯು ಬಯಸುವಷ್ಟು ಹೊಣೆಯ ವಿಮೆಯನ್ನು ಮಾಡಿಸಿದ್ದಾನೆ, ಇವನಿಂದ ಹಾನಿಯಾದವರಿಗೆ ನಾವು ಉತ್ತರವಾದಿಗಳು ಎಂಬುದು ಅದರ ತಾತ್ಪರ್ಯ. ಜನರು ಇದನ್ನು ‘ಎಸ್.ಆರ್. ೨೨ ವಿಮೆ’ ಎಂದು ಕರೆಯುವುದುಂಟು. ನಿಜವಾಗಿ ಅದು ವಿಮೆಯಲ್ಲ, ವಿಮೆಯಿದೆ ಎಂಬುದರ ಸಾಕ್ಷಿಪತ್ರ. ಬಹುಮಟ್ಟಿಗೆ ಮೂರು ವರ್ಷ ಅದು ಮುರಿಯದೆ ನಡೆಯಬೇಕು. ನಡುವೆ ಒಂದು ಕಂತು ತಪ್ಪಿತೋ, ಕಂಪನಿಯೇ ಇಲಾಖೆಗೆ ಸುದ್ದಿ ಮುಟ್ಟಿಸುತ್ತದೆ. ಲೈಸೆನ್ಸು ಮತ್ತೆ ನಿಂತುಹೋಗುತ್ತದೆ. ಸ್ವಂತ ಕಾರಿಲ್ಲದವನೂ ತಪ್ಪಿಸಿಕೊಳ್ಳುವಂತಿಲ್ಲ. ಕಾರಿಲ್ಲದವರಿಗೆಂದೇ ಬೇರೆ ಬಗೆಯ ವಿಮೆಯುಂಟು. ಫ್ಲೋರಿಡಾ ಮತ್ತು ವರ್ಜೀನಿಯ ರಾಜ್ಯಗಳಲ್ಲಂತೂ ಕುಡಿದು ಓಡಿಸಿದವರಿಗೆ ಇನ್ನೂ ದೊಡ್ಡ ಮೊತ್ತದ ಬೇರೊಂದು ನಮೂನೆಯಿದೆ.

ಈ ಪದ್ಧತಿಯ ಬೇರು ಇಪ್ಪತ್ತರ ದಶಕದಲ್ಲಿದೆ. ಕನೆಕ್ಟಿಕಟ್ ರಾಜ್ಯವು ೧೯೨೫ರಲ್ಲಿ, ಅಪಘಾತ ಮಾಡಿದವನು ಮುಂದಿನ ಹಾನಿಗೆ ತಾನು ಹಣ ಕೊಡಬಲ್ಲೆನೆಂಬುದನ್ನು ತೋರಿಸಬೇಕೆಂಬ ಕಾಯಿದೆಯನ್ನು ಮಾಡಿತು. ನೆರೆಯ ಮ್ಯಾಸಚೂಸೆಟ್ಸ್ ರಾಜ್ಯವು ಅದರಲ್ಲಿದ್ದ ಕೊರತೆಯನ್ನು ಗುರುತಿಸಿ ೧೯೨೭ರಿಂದ ಎಲ್ಲರಿಗೂ ಮೊದಲೇ ವಿಮೆಯನ್ನು ಕಡ್ಡಾಯ ಮಾಡಿತು. ಆ ಕೊರತೆಯು ಸ್ಪಷ್ಟವೇ ಆಗಿದೆ: ಒಂದು ಅಪಘಾತ ಮಾಡಿದ ಮೇಲೆ ಹೊಣೆಯನ್ನು ತೋರಿಸು ಎಂದರೆ, ಆ ಮೊದಲನೆಯ ಅಪಘಾತದಲ್ಲಿ ಕಾಲು ಮುರಿದುಕೊಂಡವನ ಗತಿಯೇನು?

ಇನ್ನೊಂದು ಮಾತು. ಅಲ್ಲಿ ವಿಮೆಯ ಬೆಲೆಯು ಮನುಷ್ಯನನ್ನು ನೋಡಿ ನಿಶ್ಚಯವಾಗುತ್ತದೆ. ಅವನ ಹಿಂದಿನ ಅಪಘಾತಗಳು, ತೆತ್ತ ದಂಡಗಳು ಎಲ್ಲ ಲೆಕ್ಕಕ್ಕೆ ಬರುತ್ತವೆ. ಒಮ್ಮೆ ಲೈಸೆನ್ಸು ಕಳೆದುಕೊಂಡವನು ‘ಹೆಚ್ಚಿನ ಅಪಾಯದ ಚಾಲಕ’. ಅವನಿಗೆ ವಿಮೆ ಕೊಡಲು ಅನೇಕ ಕಂಪನಿಗಳು ಒಪ್ಪುವುದಿಲ್ಲ, ಒಪ್ಪಿದವರು ಬೆನ್ನು ಮುರಿಯುವಷ್ಟು ಕಂತು ಕೇಳುತ್ತಾರೆ. ಹಾಗಾಗಿ ಅಲ್ಲಿಯ ಬಡ ಚಾಲಕನು ವಿಮೆಯ ಹಣ ಹೊಂದದೆ, ಲೈಸೆನ್ಸೂ ಇಲ್ಲದೆ, ಕೆಲಸಕ್ಕೆ ಹೋಗಲು ಬೇರೆ ದಾರಿಯಿಲ್ಲದೆ ಕದ್ದು ಕಾರು ಓಡಿಸುವುದೂ ಉಂಟು. ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜ.

ನಮ್ಮಲ್ಲಿ ತಲೆಕೆಳಗು

ನಮ್ಮ ದೇಶದಲ್ಲಿ ವಿಮೆಯು ಗಾಡಿಯನ್ನು ನೋಡುತ್ತದೆ, ಮನುಷ್ಯನನ್ನು ನೋಡುವುದಿಲ್ಲ. ದಾರಿಯ ಮೂರನೆಯವರಿಗಾಗಿ ಮಾಡಿಸುವ ವಿಮೆಯ ದರವನ್ನು ಸರಕಾರವೇ ಗೊತ್ತುಮಾಡುತ್ತದೆ. ೨೦೨೨ರ ಜೂನ್ ೧ರಿಂದ ಜಾರಿಗೆ ಬಂದ ದರಗಳಲ್ಲಿ ೭೫ರಿಂದ ೧೫೦ ಸಿ.ಸಿ.ಯೊಳಗಿನ ಬೈಕಿಗೆ ವರ್ಷಕ್ಕೆ ೭೧೪ ರೂಪಾಯಿ, ೧೦೦೦ ಸಿ.ಸಿ.ಗೆ ಮೀರದ ಕಾರಿಗೆ ೨,೦೯೪ ರೂಪಾಯಿ. ಹತ್ತು ವರ್ಷ ಒಂದು ಇರುವೆಯನ್ನೂ ತುಳಿಯದೆ ಓಡಿಸಿದ ಅಥಣಿಯ ಮಾಸ್ತರರಿಗೂ, ಎರಡು ಸಲ ಲೈಸೆನ್ಸು ಅಮಾನತು ಮಾಡಿಸಿಕೊಂಡ ಭೂಪನಿಗೂ ಅದೇ ೭೧೪ ರೂಪಾಯಿ. ೨೦೨೧ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಒಂದು ತಂಡವು, ಚಾಲಕರ ತಪ್ಪುಗಳಿಗೆ ಅಂಕ ಹಾಕಿ ಅದಕ್ಕೆ ತಕ್ಕಂತೆ ಕಂತನ್ನು ಏರಿಸಬೇಕೆಂದು ಸಲಹೆ ಮಾಡಿತ್ತು. ಮೊದಲು ದಿಲ್ಲಿಯಲ್ಲಿ ಪರೀಕ್ಷಿಸಿ ನೋಡಬಹುದೆಂದೂ ಹೇಳಿತ್ತು.

‘ಹೆಚ್ಚಿನ ಅಪಾಯ’ ಎಂಬ ಮಾತು ನಮ್ಮ ವಿಮಾ ಕಂಪನಿಗಳಿಗೆ ಗೊತ್ತಿಲ್ಲವೆಂದಲ್ಲ. ಅವರ ಕಣ್ಣಿಗೆ ಅಪಾಯವೆಂದರೆ ಲಾರಿ. ಲಾರಿಗಳ ಮೂರನೆಯವರ ವಿಮೆಯಲ್ಲಿ ನಷ್ಟವೇ ಹೆಚ್ಚೆಂದು ಕಂಪನಿಗಳು ಮುಖ ತಿರುಗಿಸತೊಡಗಿದಾಗ, ೨೦೦೭ರ ಏಪ್ರಿಲಿನಿಂದ ಎಲ್ಲ ಕಂಪನಿಗಳ ಪಾಲಿನ ಒಂದು ಸಾಮಾನ್ಯ ನಿಧಿಯನ್ನು ಏರ್ಪಡಿಸಿ ಆ ಹೊರೆಯನ್ನು ಹಂಚಬೇಕಾಯಿತು. ಅದು ೨೦೧೨ರಲ್ಲಿ ಮುಚ್ಚಿ, ‘ನಿರಾಕೃತ ಅಪಾಯ’ಗಳ ಇನ್ನೊಂದು ನಿಧಿ ಬಂತು, ೨೦೧೬ರಲ್ಲಿ ಅದೂ ಮುಗಿಯಿತು. ಇಷ್ಟೆಲ್ಲ ಏರ್ಪಾಡುಗಳಲ್ಲಿ ಲಾರಿಯ ಚಕ್ರ ಹಿಡಿದವನು ಎಂಥವನು ಎಂಬ ಪ್ರಶ್ನೆ ಬರಲೇ ಇಲ್ಲ.

ಹಾಗಾದರೆ ಲೈಸೆನ್ಸಿಗೂ ವಿಮೆಗೂ ನಮ್ಮಲ್ಲಿ ಸಂಬಂಧವೇ ಇಲ್ಲವೆ? ಉಂಟು. ಆದರೆ ಅದು ತಿರುಗುಮುರುಗಾದ ಸಂಬಂಧ. ಅಲ್ಲಿ ವಿಮೆಯಿದ್ದರೆ ಲೈಸೆನ್ಸು. ಇಲ್ಲಿ ಲೈಸೆನ್ಸಿದ್ದರೆ ವಿಮೆ. ಪ್ರತಿಯೊಂದು ವಿಮಾಪತ್ರದ ಒಳಪುಟದಲ್ಲಿಯೂ ಸಣ್ಣ ಅಕ್ಷರಗಳಲ್ಲಿ ಒಂದು ಷರತ್ತು ಇರುತ್ತದೆ: ವಾಹನ ನಡೆಸುವವನು ಅಪಘಾತದ ಸಮಯದಲ್ಲಿ ಊರ್ಜಿತವಾದ ಲೈಸೆನ್ಸನ್ನು ಹೊಂದಿರಬೇಕು, ಮತ್ತು ಅದನ್ನು ಹೊಂದಲು ಅನರ್ಹನಾಗಿರಬಾರದು. ಕಾಯಿದೆಯೂ ಈ ಷರತ್ತನ್ನು ಕಂಪನಿಯ ರಕ್ಷಣೆಗೆಂದು ಒಪ್ಪಿಕೊಂಡಿದೆ. ನಮ್ಮ ಚಾಲಕನು ಆ ಮೂರು ತಿಂಗಳಲ್ಲಿ, “ಇಲ್ಲೇ ಉಗಾರಿನ ತನಕ ಹೋಗಿ ಬರ್ತೀನಿ, ಯಾರ ನೋಡ್ತಾರ?” ಎಂದು ಒಂದು ರಾತ್ರಿ ಟ್ರ್ಯಾಕ್ಟರು ಏರಿದನೆನ್ನಿ. ಅನರ್ಹತೆಯ ಅವಧಿಯಲ್ಲಿ ವಾಹನ ನಡೆಸಿದ್ದಕ್ಕೆ ಮೂರು ತಿಂಗಳವರೆಗಿನ ಸೆರೆ ಅಥವಾ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಅನರ್ಥ ಬೇರೆಯಿದೆ. ಆ ರಾತ್ರಿ ದೀಪವಿಲ್ಲದ ಟ್ರೇಲರಿಗೆ ಹಿಂದಿನಿಂದ ಬಂದು ಬಡಿದ ಬೈಕಿನ ಸವಾರನೊಬ್ಬ ಸತ್ತರೆ, ಮಾಲೀಕನು ವರ್ಷವರ್ಷವೂ ತಪ್ಪದೆ ಕಂತು ಕಟ್ಟಿದ ವಿಮೆಯೇ ಅವನ ಕೈಬಿಡುವ ಸ್ಥಿತಿ ಬರುತ್ತದೆ.

ಸತ್ತವನ ಹೆಂಡತಿಯ ದೃಷ್ಟಿಯಿಂದ ನೋಡಿದರೆ ಇದು ಘೋರವಾದ ಅನ್ಯಾಯವಾಗುತ್ತಿತ್ತು. ಯಾರದೋ ಲೈಸೆನ್ಸು ಅಮಾನತಾಗಿದ್ದರೆ ಅದರಲ್ಲಿ ಅವಳ ತಪ್ಪೇನು? ನ್ಯಾಯಾಲಯಗಳು ಈ ಗಂಟನ್ನು ಬಿಡಿಸಲು ಬಹಳ ವರ್ಷ ಹೆಣಗಿವೆ. ೨೦೦೪ರಲ್ಲಿ ಸ್ವರಣಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚಾಲಕನಿಗೆ ಸರಿಯಾದ ಲೈಸೆನ್ಸಿರಲಿಲ್ಲವೆಂಬುದೊಂದೇ ಸಾಲದು, ಮಾಲೀಕನು ತಿಳಿದೂ ತಿಳಿದೂ ಅಥವಾ ಅಜಾಗರೂಕತೆಯಿಂದ ಷರತ್ತನ್ನು ಮುರಿದನೆಂಬುದನ್ನು ಕಂಪನಿಯೇ ಸಾಧಿಸಿ ತೋರಿಸಬೇಕು ಎಂದಿತು. ಸಾಧಿಸಿದರೂ ನ್ಯಾಯಮಂಡಳಿಯು ಮೊದಲು ನೊಂದವರಿಗೆ ಹಣ ಕೊಟ್ಟುಬಿಡು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೋ ಎಂದು ಕಂಪನಿಗೆ ಹೇಳಬಹುದು. ೨೦೨೦ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ ಇದೇ ದಾರಿಯನ್ನು ಹಿಡಿಯಿತು. ಚಿಕ್ಕೋಡಿ, ಅಥಣಿಗಳ ನ್ಯಾಯಮಂಡಳಿಗಳ ಮೇಲ್ಮನವಿಗಳು ಹೋಗುವುದು ೨೦೦೮ರಲ್ಲಿ ಆರಂಭವಾಗಿ ೨೦೧೩ರಲ್ಲಿ ಕಾಯಂ ಆದ ಧಾರವಾಡದ ಪೀಠಕ್ಕೆ. ಅಲ್ಲಿ ‘ಕೊಟ್ಟು ವಸೂಲು ಮಾಡು’ ಎಂಬ ಈ ಮಾತು ವಕೀಲರ ಬಾಯಲ್ಲಿ ದಿನನಿತ್ಯದ ಮಾತು.

ಮಾಲೀಕನ ಪಾಲಿಗೆ ಇದರ ಅರ್ಥವೇನು? ಹತ್ತು ಹದಿನೈದು ಲಕ್ಷ ರೂಪಾಯಿಗಳ ತೀರ್ಪೊಂದು ಬಡ್ಡಿಯೊಡನೆ ಬಂದು, ವಿಮಾ ಕಂಪನಿಯು ಅದನ್ನು ಕೊಟ್ಟು, ಬಳಿಕ ಅವನ ಎರಡೆಕರೆ ಕಬ್ಬಿನ ಹೊಲದ ಬಾಗಿಲಿಗೆ ಬಂದು ನಿಲ್ಲುವುದು. ಚಾಲಕನೂ ಪಾರಾಗುವುದಿಲ್ಲ, ತಪ್ಪು ಮಾಡಿದವನೆಂದು ಪರಿಹಾರದ ಅರ್ಜಿಯಲ್ಲಿ ಅವನ ಹೆಸರೂ ಇದ್ದೇ ಇರುತ್ತದೆ.

ಟ್ರ್ಯಾಕ್ಟರಿನ ವಿಮೆಯಲ್ಲಿ ಇನ್ನೂ ಕೆಲವು ಒಳಸುಳಿಗಳಿವೆ. ಎಂಜಿನ್ನಿಗೆ ವಿಮೆ ಮಾಡಿಸಿ ಟ್ರೇಲರುಗಳನ್ನು ಮರೆಯುವವರು ಅನೇಕರು. ಟ್ರೇಲರಿಗೆ ಬೇರೆಯೇ ಕಂತು ಕಟ್ಟಬೇಕು. ಕೃಷಿಯ ಬಳಕೆಗೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಪರರ ಸರಕಿಗೆ ಬಾಡಿಗೆಗೆ ಹಚ್ಚಿದರೆ ಅದು ಷರತ್ತಿನ ಉಲ್ಲಂಘನೆ. ಟ್ರೇಲರಿನ ಮೇಲೆ ಕಬ್ಬಿನ ಜೊತೆಗೇ ಕುಳಿತು ಬರುವ ಗ್ಯಾಂಗಿನ ಕೂಲಿಗಳು, ಮಡ್‌ಗಾರ್ಡಿನ ಮೇಲೆ ಕೂತ ಮುಕಾದಮ, ಇವರ ಜೀವಕ್ಕೆ ಆ ಸಾಮಾನ್ಯ ವಿಮೆಯಲ್ಲಿ ಸ್ಥಾನವಿಲ್ಲ. ಬೀಡದಿಂದಲೋ ವಿಜಯಪುರದ ಕಡೆಯಿಂದಲೋ ಬಂದು ಆರು ತಿಂಗಳು ಗದ್ದೆಯಂಚಿನ ಗುಡಿಸಲುಗಳಲ್ಲಿ ಬಾಳುವ ಆ ಜನರಿಗೆ ಈ ವಿಷಯವನ್ನು ಯಾರೂ ಹೇಳಿರುವುದಿಲ್ಲ.

ಗಾಡಿ ಬಿಡಿಸಿಕೊಳ್ಳುವ ಬಾಗಿಲು

ಲೈಸೆನ್ಸಿನ ಕಿಟಕಿಯಲ್ಲಿ ಕೇಳದ ಪ್ರಶ್ನೆಯನ್ನು ನಮ್ಮ ಕಾಯಿದೆಯು ಇನ್ನೊಂದು ಬಾಗಿಲಲ್ಲಿ ಕೇಳುತ್ತದೆ. ಅಪಘಾತ ಮಾಡಿದ ಗಾಡಿಯನ್ನು ಪೊಲೀಸರು ಠಾಣೆಯ ಅಂಗಳಕ್ಕೆ ತಂದು ನಿಲ್ಲಿಸುತ್ತಾರೆ. ಮೊದಲು ಮಾಲೀಕನು ಒಂದು ಅರ್ಜಿ ಕೊಟ್ಟು, ಮುಚ್ಚಳಿಕೆ ಬರೆದು, ಜಾಮೀನುದಾರನೊಬ್ಬನನ್ನು ನಿಲ್ಲಿಸಿ ಅದನ್ನು ಬಿಡಿಸಿಕೊಂಡು ಹೋಗುತ್ತಿದ್ದ. ವಿಮೆಯಿಲ್ಲದ ಗಾಡಿಯಾದರೆ ಅದನ್ನು ಮಾರಿಬಿಡುತ್ತಿದ್ದುದೂ ಉಂಟು. ನೊಂದವರು ವರ್ಷಗಟ್ಟಲೆ ಅಲೆದು ತೀರ್ಪು ತಂದಾಗ ಮಾಲೀಕನ ಹೆಸರಿನಲ್ಲಿ ಒಂದು ಮುರುಕು ಸೈಕಲ್ಲೂ ಇರುತ್ತಿರಲಿಲ್ಲ. ೨೦೧೮ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತಡೆ ಹಾಕುವ ನಿಯಮವನ್ನು ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ದಿಲ್ಲಿಯಲ್ಲಿ ಆಗಲೇ ಇದ್ದ ನಿಯಮವು ಅದಕ್ಕೆ ಮಾದರಿ. ಕರ್ನಾಟಕವೂ ತನ್ನ ಮೋಟಾರು ವಾಹನ ನಿಯಮಾವಳಿಗೆ ಅದನ್ನು ಸೇರಿಸಿಕೊಂಡಿದೆ.

ಅದರಂತೆ ಸಾವು, ಗಾಯ ಅಥವಾ ಆಸ್ತಿನಷ್ಟಕ್ಕೆ ಕಾರಣವಾದ ಗಾಡಿಗೆ ನೋಂದಾಯಿತ ಮಾಲೀಕನ ಹೆಸರಿನಲ್ಲಿ ಮೂರನೆಯವರ ವಿಮೆಯಿಲ್ಲದಿದ್ದರೆ, ಮುಂದೆ ಬರಬಹುದಾದ ಪರಿಹಾರದ ತೀರ್ಪಿಗೆ ಸಾಕಾಗುವಷ್ಟು ಭದ್ರತೆಯನ್ನು ಕೊಡದ ಹೊರತು ನ್ಯಾಯಾಲಯವು ಅದನ್ನು ಬಿಡುವಂತಿಲ್ಲ. ಭದ್ರತೆಯನ್ನೂ ಕೊಡದಿದ್ದರೆ ಪೊಲೀಸರ ವಶಕ್ಕೆ ಬಂದು ಮೂರು ತಿಂಗಳಾದ ಮೇಲೆ ಆ ಪ್ರದೇಶದ ಮ್ಯಾಜಿಸ್ಟ್ರೇಟರು ಅದನ್ನು ಬಹಿರಂಗ ಹರಾಜಿನಲ್ಲಿ ಮಾರಿ, ಹಣವನ್ನು ನ್ಯಾಯಮಂಡಳಿಯಲ್ಲಿ ಠೇವಣಿ ಇಡಬೇಕು. ಅಮೆರಿಕದವರು ಮನುಷ್ಯನಿಂದ ಕೇಳುವ ಹೊಣೆಯ ಸಾಕ್ಷಿಯನ್ನು ನಮ್ಮವರು ಕಬ್ಬಿಣದಿಂದ ಕೇಳುತ್ತಾರೆ. ಮನುಷ್ಯನು ಅಷ್ಟರಲ್ಲಿ ಇನ್ನೊಬ್ಬರ ಗಾಡಿಗೆ ಚಾಲಕನಾಗಿ ಸೇರಿಕೊಂಡಿರಬಹುದು. ಎಂಟು ಹತ್ತು ಲಕ್ಷದ ಟ್ರ್ಯಾಕ್ಟರು ಸುಗ್ಗಿಯ ನಡುವೆ ಠಾಣೆಯಲ್ಲಿ ನಿಂತರೆ ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ ಎಂಬುದನ್ನು ಮಾಲೀಕರು ಚೆನ್ನಾಗಿ ಬಲ್ಲರು. ಕೆಲವು ಸಾವಿರ ರೂಪಾಯಿಗಳ ವಿಮೆಯನ್ನು ಉಳಿಸಲು ಹೋದವರು ಈ ಬಾಗಿಲಲ್ಲಿ ಲಕ್ಷಗಟ್ಟಲೆ ರೂಪಾಯಿಯ ಬ್ಯಾಂಕು ಖಾತರಿಗಾಗಿ ನೆಂಟರಿಷ್ಟರ ಮನೆ ತಿರುಗಬೇಕಾಗುತ್ತದೆ.

ಹೀಗೆ ಉಳಿಸಲು ಹೋಗುವವರ ಸಂಖ್ಯೆಯೂ ಕಡಿಮೆಯಲ್ಲ. ದೇಶದ ರಸ್ತೆಗಳ ಮೇಲಿರುವ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಮೆಯಿಲ್ಲವೆಂದು ವಿಮಾ ರಂಗದ ವರದಿಗಳೇ ಹೇಳಿವೆ. ಅದರಲ್ಲಿ ಹಿರಿಯ ಪಾಲು ಬೈಕುಗಳದು. ೨೦೧೮ರ ಸೆಪ್ಟೆಂಬರ್ ೧ರಿಂದ ಹೊಸ ಬೈಕಿಗೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಮೂರನೆಯವರ ವಿಮೆಯನ್ನು ಮೊದಲೇ ಕಟ್ಟಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು ವಿಧಿಸಿತು. ಒಳ್ಳೆಯದೇ ಆಯಿತು. ಆದರೆ ಆರನೆಯ ವರ್ಷ ಬರುವ ಹೊತ್ತಿಗೆ ಆ ಕಾಗದ ಎಲ್ಲಿದೆಯೆಂಬುದೇ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಬೈಕು ಅಷ್ಟರಲ್ಲಿ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಕಾಕಾನ ಮಗನಿಗೆ ಹೋಗಿರುತ್ತದೆ. ವಿಮೆಯಿಲ್ಲದೆ ಓಡಿಸಿದ್ದಕ್ಕೆ ಕಾಯಿದೆಯು ಮೊದಲ ಸಲ ೨,೦೦೦, ಮತ್ತೆ ಸಿಕ್ಕರೆ ೪,೦೦೦ ರೂಪಾಯಿ ದಂಡ ಹಾಕುತ್ತದೆ; ಮೂರು ತಿಂಗಳ ಸೆರೆಯೂ ಆಗಬಹುದು.

ಗಡಿಯ ಕಥೆ

ಈ ಐದು ತಾಲೂಕುಗಳಿಗೆ ಗಡಿಯೆಂಬುದು ನಕ್ಷೆಯ ಮೇಲಿನ ಗೆರೆ ಮಾತ್ರ. ಕಾಗವಾಡದವರಿಗೆ ಮೀರಜಿನ ಆಸ್ಪತ್ರೆ, ನಿಪ್ಪಾಣಿಯವರಿಗೆ ಕೊಲ್ಹಾಪುರದ ಪೇಟೆ. ಮನೆಯೊಂದರ ಎದುರು ‘ಕೆ.ಎ. ೨೩’ರ ಟ್ರ್ಯಾಕ್ಟರೂ ಮಹಾರಾಷ್ಟ್ರದ ಪಾಸಿಂಗಿನ ಕಾರೂ ಜೊತೆಯಾಗಿ ನಿಂತಿರುವುದು ಸಾಮಾನ್ಯ ನೋಟ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಆ ಕಡೆಯಿಂದ ಬರುವ ಎತ್ತಿನ ಗಾಡಿಗಳಿಗಂತೂ ಯಾವ ಪಾಸಿಂಗೂ ಬೇಕಿಲ್ಲ.

ಗಡಿಯು ಕಾಯಿದೆಗೂ ಒಂದು ಕಾಲಕ್ಕೆ ಅಡ್ಡವಾಗಿತ್ತು. ೧೯೩೯ರ ಕಾಯಿದೆಯಲ್ಲಿ ಕಡ್ಡಾಯ ವಿಮೆಯ ಅಧ್ಯಾಯವು ಜಾರಿಗೆ ಬಂದದ್ದು ೧೯೪೬ರ ಜುಲೈ ೧ರಂದು. ಆಗ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಇಂಡಿಯಾದ ಕಾಯಿದೆ ಸಂಸ್ಥಾನಕ್ಕೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ೧೯೪೯ರಲ್ಲಿ ಕೊಲ್ಹಾಪುರವು ಮುಂಬಯಿಯಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆ ವಿಶಾಲ ಮೈಸೂರಿಗೆ ಬಂತು. ಅಪಘಾತದ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿರಬೇಕೆಂಬ ತಿದ್ದುಪಡಿಯಾದದ್ದೂ ೧೯೫೬ರಲ್ಲಿಯೇ. ಅಲ್ಲ‍ಿಯವರೆಗೆ ಗಂಡನನ್ನು ಕಳೆದುಕೊಂಡವಳು ಕೋರ್ಟು ಫೀ ಕಟ್ಟಿ ಸಿವಿಲ್ ದಾವೆ ಹೂಡಬೇಕಾಗಿತ್ತು.

ಲೈಸೆನ್ಸಿನ ವಿಷಯದಲ್ಲಿ ಗಡಿಯು ಬಹಳ ದಿನ ಕಳ್ಳದಾರಿಯಾಗಿಯೇ ಉಳಿದಿತ್ತು. ದಪ್ಪ ರಿಜಿಸ್ಟರುಗಳಲ್ಲಿ ಕೈಬರಹದ ದಾಖಲೆಯಿದ್ದ ಕಾಲದಲ್ಲಿ, ಇಲ್ಲಿ ಲೈಸೆನ್ಸು ಕಳೆದುಕೊಂಡವನು ಗಡಿಯಾಚೆಯ ನೆಂಟರ ವಿಳಾಸ ಕೊಟ್ಟು ಇನ್ನೊಂದನ್ನು ಮಾಡಿಸಿಕೊಂಡರೆ ಕಂಡುಹಿಡಿಯುವ ಉಪಾಯವಿರಲಿಲ್ಲ. ಒಬ್ಬನಿಗೆ ಎರಡು ಲೈಸೆನ್ಸು ಕೂಡದೆಂದು ಕಾಯಿದೆ ಆಗಲೂ ಹೇಳುತ್ತಿತ್ತು. ಹಿಂದಿನ ಷರಾವನ್ನು ಮುಚ್ಚಿಟ್ಟು ಹೊಸ ಲೈಸೆನ್ಸು ಕೇಳುವುದು ಅಪರಾಧವೇ ಆಗಿತ್ತು. ಈಗ ‘ಸಾರಥಿ’ ಎಂಬ ದೇಶವ್ಯಾಪಿ ಗಣಕದಲ್ಲಿ ಲೈಸೆನ್ಸುಗಳೂ, ‘ವಾಹನ’ ಎಂಬುದರಲ್ಲಿ ಗಾಡಿಗಳೂ ದಾಖಲಾಗಿರುವುದರಿಂದ ಚಿಕ್ಕೋಡಿಯಲ್ಲಿ ಬಿದ್ದ ಷರಾ ಸಾಂಗಲಿಯಲ್ಲಿಯೂ ಕಾಣುತ್ತದೆ. ಗಾಡಿಯ ವಿಮೆ ಎಂದಿಗೆ ಮುಗಿಯುತ್ತದೆಂಬುದೂ ಅಲ್ಲಿಯೇ ಕಾಣುತ್ತದೆ. ಎರಡು ದಾಖಲೆಗಳೂ ಒಂದೇ ಯಂತ್ರದ ಒಡಲಲ್ಲಿದ್ದರೂ, ಲೈಸೆನ್ಸನ್ನು ಹಿಂತಿರುಗಿಸುವಾಗ ಒಂದನ್ನು ನೋಡಿ ಇನ್ನೊಂದನ್ನು ಕೇಳುವ ಏರ್ಪಾಡು ಮಾತ್ರ ಆಗಿಲ್ಲ. ಅದಾದರೆ ಬಹಳ ಖರ್ಚಿನ ಕೆಲಸವೇನೂ ಅಲ್ಲ.

ಇಲ್ಲಿ ಒಂದು ಆಕ್ಷೇಪಣೆಯುಂಟು, ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಚಾಲಕರಲ್ಲಿ ಬಹುಮಂದಿ ಗಾಡಿಯ ಒಡೆಯರಲ್ಲ. ದುಡಿಯುವ ಗಾಡಿ ಒಬ್ಬರದು, ಕೈ ಇನ್ನೊಬ್ಬರದು. ಕೂಲಿಯವನಿಂದ ವಿಮೆಯ ಸಾಕ್ಷಿ ಕೇಳಿದರೆ ಅವನು ಎಲ್ಲಿಂದ ತರಬೇಕು? ಸರಕಾರಿ ಬಸ್ಸಿನ ಚಾಲಕನದು ಇನ್ನೂ ವಿಚಿತ್ರ. ೧೯೯೭ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ ವಾಯವ್ಯ ಸಾರಿಗೆ ಸಂಸ್ಥೆಗೆ ಚಿಕ್ಕೋಡಿಯಲ್ಲಿಯೂ ಒಂದು ವಿಭಾಗವಿದೆ. ಇಂಥ ಸಾರಿಗೆ ಸಂಸ್ಥೆಗಳು ಪರಿಹಾರಕ್ಕೆಂದು ತಮ್ಮದೇ ನಿಧಿಯನ್ನು ಇಟ್ಟುಕೊಂಡರೆ ಹೊರಗಿನ ವಿಮೆಯಿಂದ ವಿನಾಯಿತಿ ಪಡೆಯಲು ಕಾಯಿದೆಯಲ್ಲಿ ಅವಕಾಶವುಂಟು. ಪರಿಹಾರ ಕಟ್ಟದ ಬಸ್ಸನ್ನು ಅಮೀನನು ನಿಲ್ದಾಣದಲ್ಲಿಯೇ ಜಪ್ತಿ ಮಾಡಿ, ಪ್ರಯಾಣಿಕರು ಗಂಟುಮೂಟೆ ಹಿಡಿದು ಕೆಳಗಿಳಿದ ಸುದ್ದಿಯು ಪತ್ರಿಕೆಗಳಲ್ಲಿ ಆಗಾಗ ಬರುವುದು ಈ ಕಾರಣದಿಂದಲೇ. ಅಮೆರಿಕದ ನಮೂನೆಯನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಡಲಾಗುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೆ ಸ್ವಂತ ಗಾಡಿಯುಳ್ಳವನ ಲೈಸೆನ್ಸನ್ನು ಹಿಂತಿರುಗಿಸುವಾಗ ಅವನ ಹೆಸರಿನ ಗಾಡಿಗಳ ವಿಮೆಯನ್ನು ನೋಡುವುದಕ್ಕೆ ಈ ಆಕ್ಷೇಪಣೆ ಅಡ್ಡ ಬರುವುದಿಲ್ಲ.

ಗುದ್ದಿದವನೇ ಸಿಗದೆ ಹೋದಾಗ ಏನಾಗುತ್ತದೆಂಬುದನ್ನು ಓದುಗರು ಕೇಳಬಹುದು. ಡಿಕ್ಕಿ ಹೊಡೆದು ಓಡಿಹೋದ ಗಾಡಿಯ ಗುರುತು ಸಿಗದಿದ್ದರೆ ಸತ್ತವರ ಮನೆಯವರಿಗೆ ೨ ಲಕ್ಷ, ಭಾರೀ ಗಾಯವಾದವರಿಗೆ ೫೦ ಸಾವಿರ ರೂಪಾಯಿಗಳನ್ನು ಸರಕಾರದ ಯೋಜನೆಯಿಂದ ಕೊಡುವ ಏರ್ಪಾಡು ೨೦೨೨ರ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ಮೊದಲು ಅದು ೨೫ ಸಾವಿರ ಮತ್ತು ೧೨,೫೦೦ ಇತ್ತು. ಹಾಗೆಂದರೆ ಓಡಿಹೋದವನಿಂದ ಒಂದಿಷ್ಟಾದರೂ ಸಿಗುತ್ತದೆ. ಓಡದೆ ನಿಂತವನ ಬಳಿ ವಿಮೆಯೂ ಇಲ್ಲ, ಆಸ್ತಿಯೂ ಇಲ್ಲ ಎಂದಾದರೆ ಆ ಮನೆಯವರ ಕೈಗೆ ಬರುವುದು ತೀರ್ಪಿನ ಪ್ರತಿ ಮತ್ತು ಹರಾಜಾದ ಗಾಡಿಯ ಬೆಲೆ. ಹಳೆಯ ಬೈಕಾದರೆ ಅದು ಎಷ್ಟಾದೀತು!

ನಮ್ಮ ಚಾಲಕನು ತರಬೇತಿ ಮುಗಿಸಿ ಲೈಸೆನ್ಸನ್ನು ಪಡೆದುಕೊಂಡು ಊರಿಗೆ ಬಂದನೆನ್ನೋಣ. ಸುಗ್ಗಿ ಇನ್ನೂ ಒಂದು ತಿಂಗಳಿದೆ. ಟ್ರ್ಯಾಕ್ಟರಿನ ಒಡೆಯರು ಕಟ್ಟೆಯ ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದಾರೆ. ತರಬೇತಿಯ ಮಾಸ್ತರರು ಹೇಳಿದ ಮಾತೋ, ಮೂರು ತಿಂಗಳು ಹೆಂಡತಿಯ ಬೀಡಿಯ ಕೂಲಿಯಲ್ಲಿ ಉಂಡ ನೆನಪೋ, ಅವನು ಎಂದೂ ಕೇಳದ ಪ್ರಶ್ನೆಯನ್ನು ಅಂದು ಕೇಳುತ್ತಾನೆ.

“ಧಣೀ, ಗಾಡಿ ಇನ್ಶೂರನ್ಸ ಕಾಗದ ಒಮ್ಮೆ ತೋರಸ್ರಿ.”

“ನಿನಗ್ಯಾಕಪಾ ಅದು? ನೀ ಬರೇ ಗಾಡಿ ಹೊಡಿ.”

“ಎರಡೂ ಟ್ರೇಲರದ ನಂಬರ ಅದರಾಗ ಅದಾವೇನ ನೋಡೂಣ್ರಿ.”

ಒಡೆಯರು ಎಲೆಯನ್ನು ಅಷ್ಟಕ್ಕೇ ಬಿಟ್ಟು, ಕಪಾಟಿನ ಬೀಗದ ಕೈಗಾಗಿ ಒಳಗೆ ಕೂಗಿದರು.